ಗೊರಿಲ್ಲಾ ವೇಷದ ಅನ್ಯಗ್ರಹವಾಸಿಯ ಪರವಾಗಿ ಒಂದು ವಕಾಲತ್ತು

ಅಗ್ಗದ, ಪೆದ್ದುಪೆದ್ದಾದ ವೈಜ್ಞಾನಿಕ ಚಿತ್ರಗಳೆಂದರೆ ನನಗೆ ಬಲು ಇಷ್ಟ. ಆದರೆ ‘ಎಷ್ಟು ಕೆಟ್ಟದಾಗಿ ತೆಗೆದಿದ್ದಾರೆ’ ಎಂದು ಆಡಿಕೊಂಡು ನಗುವುದಕ್ಕಾಗಿಯೇ ಅವನ್ನು ಹುಡುಕಿ ನೋಡುವವರ ಗುಂಪಿಗೆ ದಯವಿಟ್ಟು ನನ್ನನ್ನು ಸೇರಿಸಬೇಡಿ.

1953ರಲ್ಲಿ ಬಂದ ಅಮೆರಿಕದ ‘ರೋಬೋಟ್ ಮಾನ್‌ಸ್ಟರ್’ ಚಿತ್ರವನ್ನೇ ತೆಗೆದುಕೊಳ್ಳಿ. ಮನುಕುಲವನ್ನೇ ಅಳಿಸಿಹಾಕಲು ಬಂದ ಅನ್ಯಗ್ರಹದವನಿಗೆ ಯಂತ್ರಮಾನವನ ಉಡುಪು ಮಾಡಿಸುವಷ್ಟು ದುಡ್ಡು ನಿರ್ದೇಶಕ ಫಿಲ್ ಟಕರ್ ಬಳಿ ಇರಲಿಲ್ಲ. ಜಾರ್ಜ್ ಬ್ಯಾರೋಸ್ ಎಂಬ ನಟನ ಬಳಿ ಸ್ವಂತದ್ದೊಂದು ಗೊರಿಲ್ಲಾ ವೇಷವಿತ್ತು. ಅದನ್ನೇ ತೊಡಿಸಿ, ತಲೆಗೆ ಸಮುದ್ರದಲ್ಲಿ ಮುಳುಗುವವರು ಹಾಕಿಕೊಳ್ಳುವಂತಹ ಹೆಲ್ಮೆಟ್ ಇಟ್ಟು, ಅದಕ್ಕೆ ಆಂಟೆನಾ ಸಿಕ್ಕಿಸಿ, ಲಾಸ್ ಏಂಜಲೀಸ್‌ನ ಬ್ರಾನ್ಸನ್ ಕಣಿವೆಯ ಗುಹೆಯೊಂದರ ಬಾಯಲ್ಲಿ ನಿಲ್ಲಿಸಿಬಿಟ್ಟರು. ಅಲ್ಲಿ ಅವನ ಸಂಪರ್ಕಯಂತ್ರದ ಸುತ್ತ ಸಾಬೂನಿನ ಗುಳ್ಳೆಗಳು ತೇಲುತ್ತವೆ, ಮತ್ತು ಆ ಗುಳ್ಳೆ ಬಿಡುವ ಯಂತ್ರದ ಹೆಸರು ಚಿತ್ರದ ಆರಂಭದ ಪಟ್ಟಿಯಲ್ಲಿ ಮರ್ಯಾದೆಯಿಂದ ಮೂಡಿಬರುತ್ತದೆ. ಇದಕ್ಕೆ ಸಂಗೀತ ನೀಡಿದವರು ಎಲ್ಮರ್ ಬರ್ನ್‌ಸ್ಟೀನ್; ಮೂರೇ ವರ್ಷಗಳ ನಂತರ ‘ದ ಟೆನ್ ಕಮಾಂಡ್‌ಮೆಂಟ್ಸ್’ ಎಂಬ ಭಾರೀ ಚಿತ್ರಕ್ಕೆ ಸಂಗೀತ ನೀಡಿದವರೂ ಅವರೇ. ಗೊರಿಲ್ಲಾ ಗುಡ್ಡ ಇಳಿಯುವಾಗಲೂ ಆ ಮನುಷ್ಯ ಶ್ರದ್ಧೆಯಲ್ಲಿ ಚೌಕಾಸಿ ಮಾಡಿಲ್ಲ ಎಂಬುದೇ ನನಗೆ ಮುಖ್ಯ.

ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಳಿಯನಿಗೆ ಇದು ಸೇರುವುದಿಲ್ಲ. “ಮಾಮಾ, ಇದೇನ್ ನೋಡ್ಲತ್ತೀರಿ, ಇದ್ರಾಗ ಸೈನ್ಸ್ ಎಲ್ಲೈತಿ?” ಎನ್ನುತ್ತಾನೆ. ಅವನ ಲೆಕ್ಕ ಸರಿಯಾಗಿಯೇ ಇದೆ. 1954ರ ‘ದೆಮ್!’ ಚಿತ್ರದಲ್ಲಿ ಅಣುಬಾಂಬಿನ ವಿಕಿರಣದಿಂದ ಇರುವೆಗಳು ದೈತ್ಯವಾಗುತ್ತವೆ. ಆದರೆ ಇರುವೆಯ ಉದ್ದ, ಅಗಲ, ಎತ್ತರ ಹತ್ತು ಪಟ್ಟಾದರೆ ಅದರ ತೂಕ 1000 ಪಟ್ಟು ಏರುತ್ತದೆ, ಕಾಲಿನ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ 100 ಪಟ್ಟು. ಹೀಗೆ ಬೆಳೆಯುತ್ತಾ ಹೋದರೆ ತನ್ನ ಭಾರಕ್ಕೇ ಅದರ ಕಾಲು ಮುರಿಯಬೇಕು. ಒಪ್ಪಿದೆ. ಆದರೆ ಅಣುಬಾಂಬು ಪರೀಕ್ಷೆ ಮಾಡಿದ ಮರುಭೂಮಿಯಿಂದ ಏನು ಎದ್ದುಬರಬಹುದು ಎಂಬ ಆ ಕಾಲದ ಜನರ ಭಯ ಸುಳ್ಳಲ್ಲವಲ್ಲ! ಅದೇ ವರ್ಷ ಜಪಾನಿನ ‘ಗಾಡ್ಜಿಲ್ಲಾ’ ಚಿತ್ರದಲ್ಲಿ ರಬ್ಬರ್ ಉಡುಪಿನೊಳಗೆ ಬೆವರುತ್ತಾ ನಟನೊಬ್ಬ ಆಟಿಕೆಯಂತಹ ಟೋಕಿಯೋವನ್ನು ತುಳಿದು ಹಾಕಿದ. ಹಿರೋಶಿಮಾ ಸುಟ್ಟು ಇನ್ನೂ ಹತ್ತು ವರ್ಷ ಆಗಿರಲಿಲ್ಲ.

ನಮ್ಮ ಕಲಬುರಗಿ ಸೀಮೆಯವರಿಗೆ ಈ ಬಗೆಯ ನೋಟ ಹೊಸದೇನಲ್ಲ. ದೊಡ್ಡಾಟದಲ್ಲಿ ಕಟ್ಟಿಗೆಯ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಅಬ್ಬರಿಸುತ್ತಾ ಬರುವ ರಾಕ್ಷಸ ಹಗಲಿನಲ್ಲಿ ಪಕ್ಕದ ಹೊಲದವನೇ ಎಂಬುದು ಕೂತ ಮಂದಿಗೆಲ್ಲ ಗೊತ್ತಿರುತ್ತದೆ, ಬಣ್ಣ ಬೆವರಿಗೆ ಇಳಿಯುವುದೂ ಕಾಣುತ್ತದೆ; ಆದರೂ ಬೆಳಗಿನ ಜಾವದವರೆಗೆ ಯಾರೂ ಏಳುವುದಿಲ್ಲ. ವೇಷದ ಹೊಲಿಗೆ ಕಂಡಿತೆಂದು ಆಟವೇ ಕೆಟ್ಟಿತು ಎನ್ನುವವರು ದೊಡ್ಡಾಟವನ್ನು ನೋಡಿಯೇ ಇಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ.

ನನಗೆ ಸಹಿಸಲಾಗದ್ದು ಬೇರೆ ಜಾತಿಯ ಚಿತ್ರ. ಸುಂಟರಗಾಳಿಯಲ್ಲಿ ಶಾರ್ಕ್ ಮೀನುಗಳು ಹಾರಿಬರುವಂತಹ ಕಥೆಗಳನ್ನು ಬೇಕೆಂದೇ ಕೆಟ್ಟದಾಗಿ ಮಾಡಿ, ‘ನಮಗೂ ಗೊತ್ತು, ನಗಿರಿ’ ಎಂದು ಪ್ರೇಕ್ಷಕನಿಗಿಂತ ಮೊದಲೇ ಕಣ್ಣು ಹೊಡೆಯುವವರ ಚಿತ್ರ. ಅಲ್ಲಿ ಸೋಲುವ ಭಯವೇ ಇಲ್ಲ, ಆದ್ದರಿಂದ ನನಗೆ ಹೊತ್ತೂ ಹೋಗುವುದಿಲ್ಲ. ಕೋಟಿಗಟ್ಟಲೆ ಸುರಿದು ಕಂಪ್ಯೂಟರಿನಲ್ಲಿ ನಗರಗಳನ್ನು ಉರುಳಿಸುವ ಇಂದಿನ ಚಿತ್ರಗಳ ಬಗ್ಗೆ ಹೇಳಲು ಅಷ್ಟು ಕೂಡ ಇಲ್ಲ.

1991ರಲ್ಲಿ ಸಿಂಗೀತಂ ಶ್ರೀನಿವಾಸರಾವ್ ತೆಲುಗಿನ ‘ಆದಿತ್ಯ 369’ ಚಿತ್ರದಲ್ಲಿ ಕಾಲಯಂತ್ರವನ್ನು ಕೃಷ್ಣದೇವರಾಯನ ಆಸ್ಥಾನಕ್ಕೆ ಓಡಿಸಿದರು. ನಮ್ಮವರು ಯಾರಾದರೂ ಅದನ್ನು ಬೀದರಿಗೆ ತಂದು, 1472ರಲ್ಲಿ ಹೊಸದಾಗಿ ನಿಂತ, ಬಹಮನಿ ಸುಲ್ತಾನರ ಮಂತ್ರಿ ಮಹಮೂದ್ ಗವಾನನ ಮದರಸಾದ ಅಂಗಳದಲ್ಲಿ ಇಳಿಸಬಾರದೇಕೆ? ಇಂದು ಅರ್ಧ ಉದುರಿರುವ ಆ ಬಣ್ಣದ ಹೆಂಚುಗಳೆಲ್ಲ ಆಗ ಗೋಡೆಯ ಮೇಲೆಯೇ ಇದ್ದವು. ಯಂತ್ರ ತಗಡಿನದೇ ಇರಲಿ, ಟಿಕೆಟಿನ ದುಡ್ಡು ನಾನು ಕೊಡುತ್ತೇನೆ, ಅಳಿಯನದ್ದೂ ಸೇರಿಸಿ.