ಕುದುರೆಯ ಬಾಯಿ ಹಸುವಿನ ಬಾಯಿಯಲ್ಲ

ಹೋದ ಭಾನುವಾರ ಸಂಜೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಒಂದು ಬಿಳಿ ಕುದುರೆ ಸವಾರಿಗೆ ನಿಂತಿತ್ತು. ನಾಲಿಗೆ ಎಡಗಡೆಯಿಂದ ನಾಲ್ಕು ಬೆರಳಿನಷ್ಟು ಹೊರಗೆ ಜೋತುಬಿದ್ದಿತ್ತು. ಮಕ್ಕಳು ನಗುತ್ತಿದ್ದರು. ಒಬ್ಬರು ತಾವೂ ನಾಲಿಗೆ ಚಾಚಿ ಪಕ್ಕದಲ್ಲಿ ನಿಂತು ಸೆಲ್ಫಿ ತೆಗೆದುಕೊಂಡರು. "ಇದರ ಚಾಳಿನೇ ಹೀಗೆ ಅಕ್ಕಾ" ಅಂದ ಕುದುರೆ ಹುಡುಗ. ನನಗೆ ನಗು ಬರಲಿಲ್ಲ.

ನಾನು ಶಿರಸಿ ಕಡೆಯವಳು, ಕೊಟ್ಟಿಗೆ ನೋಡುತ್ತಾ ಬೆಳೆದವಳು. ದನದ ಬಾಯಿ ನಮಗೆ ಚೆನ್ನಾಗಿ ಗೊತ್ತು. ಹಸು ನಾಲಿಗೆ ಚಾಚಿ ಮೂಗಿನ ಹೊಳ್ಳೆ ನೆಕ್ಕಿಕೊಂಡರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಮಲಗಿ ಬಾಯಾಡಿಸಿದರೆ ಮೆಲುಕು. ಜೊಲ್ಲು ಸುರಿದರೆ ಕಾಲುಬಾಯಿ ಜ್ವರದ ಹೆದರಿಕೆ. ಈ ಲೆಕ್ಕವನ್ನೇ ಕುದುರೆಗೂ ಹಾಕಿಬಿಡುತ್ತೇವೆ. ಆದರೆ ಕುದುರೆ ಮೆಲುಕು ಹಾಕುವುದಿಲ್ಲ. ಕಾಲುಬಾಯಿ ಜ್ವರವೂ ಅದಕ್ಕೆ ಬರುವುದಿಲ್ಲ. ಹಾಗಿದ್ದ ಮೇಲೆ ಅದು ಸುಮ್ನೆ ಬಾಯಾಡಿಸುವುದಕ್ಕೆ, ನಾಲಿಗೆ ಹೊರಗೆ ಬಿಡುವುದಕ್ಕೆ ಬೇರೆ ಕಾರಣ ಇರಲೇಬೇಕು, ಅಲ್ವಾ?

ಕತ್ತಲಾದ ಮೇಲೆ ಹುಡುಗ ಕಡಿವಾಣ ಬಿಚ್ಚಿದ. ನಾಲಿಗೆ ತಾನಾಗಿ ಒಳಗೆ ಹೋಯಿತು! ತುಟಿಯ ಮೂಲೆಯಲ್ಲಿ ಚರ್ಮ ಸುಲಿದು ಕೆಂಪಗಾಗಿತ್ತು. ಕುದುರೆಗೆ ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ನಡುವೆ ಖಾಲಿ ಜಾಗ ಇರುತ್ತದೆ. ಕಡಿವಾಣದ ಕಬ್ಬಿಣ ಕೂರುವುದು ಅಲ್ಲೇ, ನಾಲಿಗೆಯ ಮೇಲೆ. ಅಲ್ಲಿ ಒಸಡು ತೀರಾ ತೆಳು, ಕೆಳಗೆ ನೇರ ಎಲುಬು. ಲಗಾಮು ಜಗ್ಗಿದಷ್ಟೂ ನಾಲಿಗೆ ಅಮುಕುತ್ತದೆ. ತಪ್ಪಿಸಿಕೊಳ್ಳಲು ಪಾಪ ಅದು ನಾಲಿಗೆಯನ್ನು ಕಬ್ಬಿಣದ ಮೇಲಕ್ಕೆ ಎಳೆದುಕೊಳ್ಳುತ್ತದೆ, ಇಲ್ಲ ಪಕ್ಕಕ್ಕೆ ಚಾಚುತ್ತದೆ. ಆಗ ಬಾಯಿ ಬಿಗಿದು ಪಟ್ಟಿ ಕಟ್ಟುವವರಿದ್ದಾರೆ. ಅದರಿಂದ ನಾಲಿಗೆ ಕಾಣುವುದು ನಿಲ್ಲುತ್ತದೆ, ನೋವು ನಿಲ್ಲುವುದಿಲ್ಲ.

ಹುಡುಗ ಹುಲ್ಲು ಹಾಕಿದ. ಕುದುರೆ ತಲೆ ಓರೆ ಮಾಡಿ ಅಗಿಯಿತು. ಅರ್ಧ ಅಗಿದ ಹುಲ್ಲು ಜೊಲ್ಲಿನ ಜೊತೆ ಉಂಡೆಯಾಗಿ ಮರಳಿಗೆ ಬಿತ್ತು. "ಸೊಕ್ಕು ಇದಕ್ಕೆ" ಅಂದ. ಸೊಕ್ಕಲ್ಲ, ಅದು ಹಲ್ಲಿನ ತೊಂದರೆಯ ಗುರುತು. ಕುದುರೆಯ ದವಡೆ ಹಲ್ಲು ವರ್ಷಕ್ಕೆ 2–3 ಮಿಲಿಮೀಟರ್ ಮೇಲೆ ಬರುತ್ತಲೇ ಇರುತ್ತದೆ, ಅಗಿದಂತೆ ಸವೆಯುತ್ತದೆ. ಮೇಲಿನ ದವಡೆ ಅಗಲ, ಕೆಳಗಿನದು ಕಿರಿದು. ಹಾಗಾಗಿ ಸವೆಯದ ಅಂಚು ಚೂಪಾಗಿ ಮೇಲೆ ಕೆನ್ನೆಯನ್ನು, ಕೆಳಗೆ ನಾಲಿಗೆಯನ್ನು ಗೀರುತ್ತದೆ. ವರ್ಷಕ್ಕೊಮ್ಮೆಯಾದರೂ ಬಾಯಿ ತೋರಿಸಬೇಕು. ಡಾಕ್ಟರು ಅರದಿಂದ ಉಜ್ಜಿ ಅಂಚು ಸರಿ ಮಾಡುತ್ತಾರೆ.

ಎಲ್ಲವೂ ಕಾಯಿಲೆ ಅಂತಲ್ಲ. ಮೇಲ್ತುಟಿ ಮಡಚಿ ಹಲ್ಲು ತೋರಿಸಿದರೆ ಅದು ವಾಸನೆ ಹಿಡಿಯುತ್ತಿದೆ. ಮರಿ ದೊಡ್ಡ ಕುದುರೆಯ ಮುಂದೆ ಬಾಯಿ ಟಪಟಪ ಬಡಿದರೆ 'ನಾನು ಚಿಕ್ಕವ, ಏನೂ ಮಾಡಬೇಡ' ಅಂತ. ಆದರೆ ಜೊಲ್ಲು ಸುರಿಯುತ್ತಾ ನುಂಗಲು ಆಗದೆ, ನಡವಳಿಕೆಯೂ ಬದಲಾಗಿದ್ದರೆ ದಯವಿಟ್ಟು ಬಾಯೊಳಗೆ ಕೈ ಹಾಕಬೇಡಿ. ರೇಬಿಸ್ ಕೂಡ ಆಗಿರಬಹುದು. ತಕ್ಷಣ ಡಾಕ್ಟರನ್ನು ಕರೆಸಿ.

ಸವಾರಿಗೆ ಹೋಗುವವರಲ್ಲಿ ಒಂದು ಕೇಳಿಕೆ. ಹತ್ತುವ ಮುಂಚೆ ತುಟಿಯ ಮೂಲೆ ನೋಡಿ. ಗಾಯ ಇದ್ದರೆ ಮಕ್ಕಳಿಗೆ ಹೇಳಿ, ಇವತ್ತು ಬೇಡ ಅಂತ.

"ಪಶು ಆಸ್ಪತ್ರೆಗೆ ಒಮ್ಮೆ ಕರ್ಕೊಂಡು ಹೋಗು ಮಾರಾಯ" ಅಂದೆ. ಹುಡುಗ ಅದರ ಕೆನ್ನೆ ಮೇಲೆ ಕೈ ಇಟ್ಟುಕೊಂಡೇ ಕೇಳಿದ, "ಹಲ್ಲು ಉಜ್ಜಿದ್ರೆ ನೋಯ್ತದಾ ಅಕ್ಕಾ?" ಆ ಚೂಪು ಅಂಚಿಗೆ ನೋವು ಗೊತ್ತಾಗುವುದಿಲ್ಲ, ಮಂಪರಿನ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಾಳೆನೇ ಹೋಗ್ತೆ" ಅಂದ.