ಮೀನಿಲ್ಲದ ಟ್ಯಾಂಕಿಗೆ ರಾತ್ರಿ ಕಾವಲು

ನಮ್ಮ ಮನೆಗೆ ಫಿಶ್ ಟ್ಯಾಂಕ್ ಬಂದಿದ್ದು 2024ರ ಮಾರ್ಚ್‌ನಲ್ಲಿ. ಆ ತಿಂಗಳು ಬೆಂಗಳೂರಿನಲ್ಲಿದ್ದವರಿಗೆ ಇಷ್ಟು ಹೇಳಿದರೆ ಸಾಕು. ಬೋರ್‌ವೆಲ್‌ಗಳು ಕೈಕೊಟ್ಟಿದ್ದವು. ಟ್ಯಾಂಕರಿನವನು ಫೋನ್ ಎತ್ತುತ್ತಿರಲಿಲ್ಲ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಊರಿಗೆ ಊರೇ ಅರ್ಧ ಬಕೆಟ್‌ನಲ್ಲಿ ಸ್ನಾನ ಮುಗಿಸುತ್ತಿದ್ದಾಗ ನಾನು ಮೂರಡಿ ಉದ್ದದ ಗಾಜಿನ ಪೆಟ್ಟಿಗೆಯನ್ನು ಆಟೋದ ಸೀಟಿನ ಮೇಲೆ ಕೂರಿಸಿ, ಡ್ರೈವರ್ ಪಕ್ಕದಲ್ಲಿ ಅರ್ಧ ಕೂತು ಮನೆಗೆ ಬಂದೆ.

ಪೂರ್ತಿ ತಪ್ಪು ನನ್ನದಲ್ಲ. ಕಬ್ಬನ್ ಪಾರ್ಕ್ ಹತ್ತಿರದ ಮತ್ಸ್ಯಾಲಯ ನೋಡಿ ಬಂದಾಗಿನಿಂದ ಮಗಳು ಮೀನು ಮೀನು ಅಂತ ಜಪ ಹಿಡಿದಿದ್ದಳು. ಅದೇ ಹೊತ್ತಿಗೆ ಆಫೀಸಿನ ಗೆಳೆಯನಿಗೆ ಪುಣೆಗೆ ವರ್ಗವಾಯಿತು. ಸ್ಟ್ಯಾಂಡು, ಫಿಲ್ಟರು, ಮೋಟಾರು ಎಲ್ಲ ಸೇರಿಸಿ 1,500ಕ್ಕೆ ಕೊಡ್ತೀನಿ ಅಂದ. "ಒಂದು ಹನಿ ಸೋರಲ್ಲ ಗುರೂ, ನಾಲ್ಕು ವರ್ಷ ಮೀನು ಸಾಕಿದೀನಿ" ಅಂದ. ಆಮೇಲಿನ ಎರಡು ವರ್ಷ ಅದು ಅಟ್ಟದ ಮೇಲೆ ಅವನ ಹಳೇ ಶೂಗಳನ್ನು ಸಾಕಿದ್ದು ಮಾತ್ರ ಹೇಳಲಿಲ್ಲ. ಅದು ನನಗೆ ವಾಸನೆಯಿಂದ ಗೊತ್ತಾಯಿತು.

ಹಳೇ ಟ್ಯಾಂಕಿಗೆ ನೇರವಾಗಿ ಮೀನು ಬಿಡಬಾರದು, ಮೊದಲು ಸೋರುತ್ತದಾ ನೋಡಬೇಕು. ಇಷ್ಟು ನನಗೂ ಗೊತ್ತಿತ್ತು. ಗಾಜುಗಳನ್ನು ಹಿಡಿದಿಟ್ಟಿರುವುದು ಮೂಲೆಯಲ್ಲಿರುವ ಸಿಲಿಕೋನ್ ಮಾತ್ರ. ಉಗುರಿನಲ್ಲಿ ಕೆರೆದರೆ ಅಂಚು ಏಳುತ್ತದಾ, ಗಾಜಿನ ನಡುವೆ ಗುಳ್ಳೆ ಕಾಣುತ್ತದಾ ನೋಡಿದೆ. ಎರಡೂ ಇಲ್ಲ. ಟೇಪ್ ಹಿಡಿದು ಅಳೆದೆ. 90 ಸೆಂಟಿಮೀಟರ್ ಉದ್ದ, 38 ಅಗಲ, 45 ಎತ್ತರ. ಗುಣಿಸಿ ಸಾವಿರದಿಂದ ಭಾಗಿಸಿದರೆ ಸುಮಾರು 154 ಲೀಟರ್. ಅಂದರೆ ಗಾಜಿನ ತೂಕ ಬಿಟ್ಟು ನೀರೇ 154 ಕೆ.ಜಿ., ಮೂರು ಮೂಟೆ ಸಿಮೆಂಟಿಗಿಂತ ಜಾಸ್ತಿ. ಈ ಲೆಕ್ಕ ಕೇಳಿದ ಹೆಂಡತಿ, "ತೂಕ ಹಾಳಾಗಲಿ ರೀ, ಆ 154 ಲೀಟರ್ ಎಲ್ಲಿಂದ ತರ್ತೀರ?" ಅಂದಳು.

ಕಾವೇರಿ ಬರುವ ದಿನಕ್ಕೆ ಕಾದೆ. ಹಾಲಿನ ಮೂಲೆಯಲ್ಲಿ ನೆಲ ಸಮ ಇದೆಯಾ ಅಂತ ಫೋನಿನಲ್ಲೇ ನೋಡಿ, ಥರ್ಮೋಕೋಲ್ ಹಾಸಿ, ಅದರ ಕೆಳಗೆ ಸುತ್ತಲೂ ಆಚೆ ಕಾಣುವ ಹಾಗೆ ಹಳೇ ಪೇಪರ್ ಹರಡಿದೆ. ಪೇಪರ್ ಯಾಕೆ ಅಂದರೆ, ಸಣ್ಣ ಸೋರಿಕೆ ಟೈಲ್ಸ್ ಮೇಲೆ ಕಾಣುವುದಿಲ್ಲ, ಪೇಪರ್ ಮೇಲೆ ಕಂಡೇ ಕಾಣುತ್ತದೆ. ಒಂದೇ ಸಲ ತುಂಬಿಸಬಾರದು. ಕಾಲು ಭಾಗ, ಅರ್ಧ, ಆಮೇಲೆ ಪೂರ್ತಿ. ಮೊದಲ ರಾತ್ರಿ ಅರ್ಧಕ್ಕೆ ನಿಲ್ಲಿಸಿ, ನೀರಿನ ಮಟ್ಟಕ್ಕೆ ಸರಿಯಾಗಿ ಗಾಜಿನ ಮೇಲೆ ಸೆಲ್ಲೋಟೇಪ್ ಅಂಟಿಸಿ ಮಲಗಿದೆ. ಬೆಳಗ್ಗೆ ನೋಡಿದರೆ ಟೇಪೂ ನೀರೂ ಒಂದೇ ಮಟ್ಟದಲ್ಲಿದ್ದವು. ಪೇಪರ್ ಗರಿಗರಿ.

ಎರಡನೇ ರಾತ್ರಿ ಪೂರ್ತಿ ತುಂಬಿಸಿದೆ. ಅಂಚಿಗೆ ಎರಡು ಬೆರಳು ಬಾಕಿ ಇಟ್ಟೆ. ಬೆಳಗ್ಗೆ ಎದ್ದು ಹಾಲಿಗೆ ಕಾಲಿಟ್ಟವನು ಅಲ್ಲೇ ಜಾರಿ ಸೋಫಾ ಹಿಡಿದುಕೊಂಡೆ. ಗೋಡೆ ಕಡೆಯ ಎಡ ಮೂಲೆಯಲ್ಲಿ ಪೇಪರ್ ಅಂಬಲಿಯಾಗಿತ್ತು. ನೀರು ಟೇಪಿಗಿಂತ ಎರಡು ಸೆಂಟಿಮೀಟರ್ ಕೆಳಗೆ ಇಳಿದಿತ್ತು. ಈ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಅಂದರೆ ಮೂರೂವರೆ ಲೀಟರ್ ಹತ್ತಿರ. ಏಳು ಲೀಟರ್ ಕಾವೇರಿ ನಮ್ಮ ಹಾಲಿನಲ್ಲಿ ಹರಿದು ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಸಂಗಮವಾಗಿದ್ದಳು. ಟ್ಯಾಂಕಿನ ಅಂಚಿನ ಮೇಲೆ ಕೈ ಒರೆಸಲು ಹಾಕಿಕೊಂಡಿದ್ದ ಚೌಕ ಎಳೆದುಕೊಂಡು ನೆಲವನ್ನೆಲ್ಲ ಒರೆಸಿದೆ. (ಈ ವಾಕ್ಯ ಸ್ವಲ್ಪ ನೆನಪಿಟ್ಟುಕೊಂಡಿರಿ.)

ಪುಣೆಗೆ ಫೋನ್ ಹಚ್ಚಿದೆ. "ಅರ್ಧ ತುಂಬಿಸಿದಾಗ ಸೋರಲಿಲ್ಲ, ಪೂರ್ತಿ ತುಂಬಿಸಿದರೆ ಸೋರ್ತು ಅಂದ್ರೆ ಮೇಲಿನ ಅರ್ಧದಲ್ಲೇ ಎಲ್ಲೋ ಬಿಟ್ಕೊಂಡಿದೆ" ಅಂತ ನಾನೇ ಪತ್ತೇದಾರನ ಧಾಟಿಯಲ್ಲಿ ಹೇಳಿದೆ. "ನನ್ನತ್ರ ಇದ್ದಾಗ ಚೆನ್ನಾಗೇ ಇತ್ತು" ಅಂದ. ಸೆಕೆಂಡ್ ಹ್ಯಾಂಡ್ ಬೈಕ್ ಕೊಟ್ಟವರೂ ಹೀಗೇ ಅನ್ನುವುದು.

ನೀರು ಖಾಲಿ ಮಾಡುವ ಕೆಲಸ ಇನ್ನೊಂದು. ಟ್ಯೂಬಿನ ಒಂದು ತುದಿ ಟ್ಯಾಂಕಿನಲ್ಲಿ ಮುಳುಗಿಸಿ ಇನ್ನೊಂದು ತುದಿ ಬಾಯಲ್ಲಿಟ್ಟು ಎಳೆದೆ. ಎರಡು ವರ್ಷದ ಶೂ ವಾಸನೆ ಗಂಟಲಿಗಿಳಿಯಿತು. ಒಮ್ಮೆ ಹರಿಯಲು ಶುರುವಾದರೆ ಆಮೇಲೆ ನೀರು ತಾನೇ ಅಂಚು ಹತ್ತಿ, ಇಳಿದು, ಬಕೆಟ್ಟಿಗೆ ಬೀಳುತ್ತದೆ. ಈ ಸೋಜಿಗವನ್ನು ಮಗಳಿಗೆ ಸೈಫನ್ ಅಂತ ಹೇಳಿ ಅರ್ಧ ಗಂಟೆ ಪಾಠ ಮಾಡಿದೆ. ಬಕೆಟ್‌ಗಳೆಲ್ಲ ಸಾಲಾಗಿ ಬಚ್ಚಲಿಗೆ ಹೋದವು. ಎರಡು ಮಾತ್ರ ತುಳಸಿಗೂ ಕರಿಬೇವಿಗೂ ಹೋದವು. ಯಾರಾದರೂ ಕೇಳಿದರೆ ಇದು ಕುಡಿಯುವ ನೀರಲ್ಲ, ಈಗಷ್ಟೇ ಕುಡಿದು ನೋಡಿದ್ದೇನೆ ಅಂತ ಉತ್ತರ ಸಿದ್ಧ ಇಟ್ಟುಕೊಂಡಿದ್ದೆ.

ಹಾರ್ಡ್‌ವೇರ್ ಅಂಗಡಿಗೆ ಹೋಗಿ ಸಿಲಿಕೋನ್ ಕೇಳಿದೆ.

"ಕಿಟಕಿಗಾ ಸಾರ್, ಸಿಂಕಿಗಾ?"

"ಮೀನಿಗೆ."

ಹುಡುಗ ನನ್ನನ್ನು ಒಂದು ಕ್ಷಣ ನೋಡಿ, ಬಾತ್‌ರೂಮಿಗೆ ಹಾಕುವ ಟ್ಯೂಬ್ ತೆಗೆದಿಟ್ಟ. ಬೂಷ್ಟು ಹಿಡಿಯದ ಹಾಗೆ ಅದರಲ್ಲಿ ಔಷಧ ಬೆರೆಸಿರುತ್ತಾರೆ. ಬೂಷ್ಟನ್ನು ಕೊಲ್ಲುವಂಥದ್ದು ಮೀನನ್ನು ಮಾತ್ರ ಬಿಡುತ್ತದಾ? ಬೇಡ ಅಂತ ಅಕ್ವೇರಿಯಂ ಅಂಗಡಿಗೇ ಹೋಗಿ ಔಷಧವಿಲ್ಲದ್ದನ್ನು ತಂದೆ. ಹೊಸ ಸಿಲಿಕೋನ್ ಹಳೇ ಸಿಲಿಕೋನಿಗೆ ಅಂಟುವುದಿಲ್ಲವಂತೆ. ಹಾಗಾಗಿ ಒಳಗಿನ ಹಳೆಯದನ್ನೆಲ್ಲ ಶೇವಿಂಗ್ ಬ್ಲೇಡಿನಲ್ಲಿ ಹೆರೆಯಬೇಕು. ಒಂದು ಇಡೀ ಭಾನುವಾರ ಟ್ಯಾಂಕಿನೊಳಗೆ ತಲೆ ಹಾಕಿಕೊಂಡು ಹೆರೆದೆ. ಅದು ಎಷ್ಟು ಗಟ್ಟಿಯಾಗಿ ಹಿಡಿದಿತ್ತೆಂದರೆ ಮೂರು ಬ್ಲೇಡು ಮೊಂಡಾದವು. ಇಷ್ಟು ಗಟ್ಟಿ ಇರುವುದು ಸೋರಿದ್ದು ಹೇಗೆ ಅಂತ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ, ಕೆಲಸದ ಹುಮ್ಮಸ್ಸು ಹಾಗೆ.

ಹೊಸ ಸಿಲಿಕೋನ್ ಒಣಗುವಾಗ ಗಮ್ಮಂತ ವಿನೆಗರ್ ವಾಸನೆ ಹೊಡೆಯುತ್ತದೆ. ಊರಿಂದ ಬಂದಿದ್ದ ಅಮ್ಮ ಅಡುಗೆಮನೆಯ ಉಪ್ಪಿನಕಾಯಿ ಭರಣಿಗಳನ್ನೆಲ್ಲ ಒಂದೊಂದಾಗಿ ಮೂಸಿ ನೋಡಿದರು. ವಾಸನೆ ಪೂರ್ತಿ ಹೋಗುವವರೆಗೆ, ಒಂದು ವಾರ, ಮುಟ್ಟಬೇಡಿ ಅಂತ ಎಲ್ಲರಿಗೂ ಹೇಳಿ ಎರಡನೇ ದಿನ ನಾನೇ ಮುಟ್ಟಿದೆ. ಬೆರಳಚ್ಚು ಈಗಲೂ ಬಲ ಮೂಲೆಯಲ್ಲಿದೆ.

ಆ ವಾರದ ರಾತ್ರಿಗಳಲ್ಲಿ ಫೋನಿನಲ್ಲಿ ಬರೀ ಇದೇ ಓದುತ್ತಿದ್ದೆ. ಲಂಡನ್ ಝೂನಲ್ಲಿ 1853ರಲ್ಲೇ ಜನರಿಗೆ ತೋರಿಸಲು ಅಕ್ವೇರಿಯಂ ಮಾಡಿದ್ದರಂತೆ. ಆಗ ಸಿಲಿಕೋನ್ ಎಲ್ಲಿತ್ತು? ನಾನು ಚಿಕ್ಕವನಿದ್ದಾಗ ನಮ್ಮೂರ ಡಾಕ್ಟರ ಶಾಪಿನಲ್ಲಿದ್ದ ಟ್ಯಾಂಕೂ ಕಬ್ಬಿಣದ ಚೌಕಟ್ಟಿನದು, ಮೂಲೆಗಳಿಗೆ ಪುಟ್ಟಿ ಮೆತ್ತಿದ್ದರು. ಅದು ಸೋರಿದ್ದು ನಾನಂತೂ ಕಾಣೆ.

ವಾರ ಕಳೆದು ಮತ್ತೆ ತುಂಬಿಸಿದ ದಿನ ಸಂಜೆ ಕೆಳಗಿನ ಮನೆಯ ಓನರ್ ಬಾಡಿಗೆ ಕೇಳಲು ಬಂದರು. ಹಾಲಿನಲ್ಲಿ ಮೀನಿಲ್ಲದ, ಕಲ್ಲಿಲ್ಲದ, ಗಿಡವಿಲ್ಲದ, ಬರೀ ನೀರು ತುಂಬಿದ ಟ್ಯಾಂಕ್ ನೋಡಿ ನಿಂತರು. ನನಗೆ ಎದೆ ಧಸಕ್ ಅಂತು.

"ಒಳ್ಳೆ ಐಡಿಯಾ ಸಾರ್," ಅಂದರು. "ನಾವು ಡ್ರಮ್ಮಲ್ಲಿ ತುಂಬಿಟ್ಟಿದೀವಿ. ಇದಾದ್ರೆ ಎಷ್ಟು ಉಳಿದಿದೆ ಅಂತ ಹೊರಗಿಂದ್ಲೇ ಕಾಣುತ್ತೆ, ಅಲ್ವಾ?"

ನಾನು ಹೂಂ ಅಂದೆ.

ಪೇಪರ್ ಜೊತೆಗೆ ಈ ಸಲ ಅಮ್ಮನದೊಂದು ಉಪಾಯವೂ ಸೇರಿತು. ಟ್ಯಾಂಕಿನ ಬುಡಕ್ಕೆ ತಾಗಿದ ಹಾಗೆ ಸುತ್ತ ರಂಗೋಲಿ ಪುಡಿಯಲ್ಲಿ ಗೆರೆ ಎಳೆದರು. "ಎಲ್ಲಿ ಹಸಿಯಾದರೂ ಅಲ್ಲಿ ಗೆರೆ ಕಪ್ಪಾಗುತ್ತೆ, ನೋಡ್ಕೋ" ಅಂದರು. ಸುತ್ತ ಗೆರೆ, ನಡುವೆ ನೀರು, ಪಕ್ಕದಲ್ಲಿ ಟಾರ್ಚ್ ಹಿಡಿದು ಕುರ್ಚಿ ಹಾಕಿಕೊಂಡ ನಾನು. ರಾತ್ರಿ ನೀರು ಕುಡಿಯಲು ಎದ್ದ ಹೆಂಡತಿ ನೋಡಿ, ಏನೂ ಕೇಳದೆ, ಲೈಟ್ ಆರಿಸಿ ಹೋದಳು. ಹನ್ನೆರಡಕ್ಕೆ ಗೆರೆ ಬೆಳ್ಳಗಿತ್ತು. ಒಂದಕ್ಕೂ ಬೆಳ್ಳಗಿತ್ತು. ಎರಡಕ್ಕೆ ಹೇಗಿತ್ತೋ ಗೊತ್ತಿಲ್ಲ, ನಿದ್ದೆ ಹತ್ತಿತ್ತು.

ಐದಕ್ಕೆ ಕಾಲು ತಣ್ಣಗಾಗಿ ಎಚ್ಚರವಾಯಿತು. ಅದೇ ಎಡ ಮೂಲೆ. ಗೆರೆ ಅಲ್ಲಿ ಕೊಚ್ಚಿಕೊಂಡೇ ಹೋಗಿತ್ತು. ಟಿಶ್ಯೂ ಪೇಪರ್ ತಂದು ಮೂಲೆಯ ಉದ್ದಕ್ಕೂ ಒತ್ತಿ ನೋಡಿದೆ. ಮೇಲೆ ಒಣ, ನಡುವೆ ಒಣ, ಕೆಳಗೆ ಮಾತ್ರ ಹೊಳೆ. ಸೋರಿಕೆಗೂ ಒಂದು ನ್ಯಾಯ ಬೇಡವಾ? ಬ್ಲೇಡು ಹುಡುಕಲು ಎದ್ದೆ.

ಅಷ್ಟರಲ್ಲಿ ಸ್ನಾನಕ್ಕೆ ಎದ್ದ ಅಮ್ಮ ಬಂದು ಲೈಟ್ ಹಾಕಿದರು. ಗೆರೆಯನ್ನು ನೋಡಲೂ ಇಲ್ಲ. ಅವರ ಕಣ್ಣು ಹೋಗಿದ್ದು ಮೇಲೆ.

"ಅಲ್ವೋ, ಅದೇನೋ ಅದು, ದೀಪಕ್ಕೆ ಬತ್ತಿ ಹಾಕಿದ ಹಾಗೆ ಚೌಕ ಹಾಕಿದೀಯಲ್ಲ?"

ಕೈ ಒರೆಸುವ ಚೌಕ. ಒಂದು ತುದಿ ಟ್ಯಾಂಕಿನೊಳಗೆ ನಾಲ್ಕು ಬೆರಳು ಮುಳುಗಿತ್ತು. ಇನ್ನೊಂದು ತುದಿ ಹೊರಗೆ, ಗಾಜಿಗೆ ಅಂಟಿಕೊಂಡು ಮೊಣಕಾಲುದ್ದ ಇಳಿಬಿದ್ದಿತ್ತು. ಆ ತುದಿಯಲ್ಲಿ ಒಂದು ಹನಿ ದುಂಡಗಾಗಿ ತೂಗಿ ಬಿತ್ತು. ಹಿಂದೆಯೇ ಇನ್ನೊಂದು. ಬತ್ತಿ ಎಣ್ಣೆ ಹೀರುವಂತೆ ಬಟ್ಟೆ ನೀರು ಹೀರಿ ಅಂಚು ಹತ್ತಿಸಿತ್ತು. ಹೊರಗಿನ ತುದಿ ನೀರಿನ ಮಟ್ಟಕ್ಕಿಂತ ಕೆಳಗಿದ್ದ ಮೇಲೆ ಇನ್ನು ನಿಲ್ಲುವ ಮಾತೆಲ್ಲಿ? ನಾನು ಬಕೆಟ್ ಹಿಡಿದು ಮಗಳಿಗೆ ಅರ್ಧ ಗಂಟೆ ಪಾಠ ಮಾಡಿದ್ದೂ ಇದನ್ನೇ. ಮೊದಲ ರಾತ್ರಿ ನೀರು ಅರ್ಧಕ್ಕಿತ್ತು, ಚೌಕ ಮುಟ್ಟಿರಲಿಲ್ಲ. ಎರಡನೇ ರಾತ್ರಿ ಮುಟ್ಟಿತ್ತು. ಬೆಳಗ್ಗೆ ನಾನು ಕಳ್ಳನ ಕೈಯಲ್ಲೇ ಕಳುವಾದ ಜಾಗ ಒರೆಸಿ, ಕಳ್ಳನನ್ನು ಹಿಂಡಿ, ಹಗ್ಗದ ಮೇಲೆ ಬಿಸಿಲಿಗೆ ಒಣಹಾಕಿದ್ದೆ.

ಚೌಕ ತೆಗೆದೆ. ಮಾರನೇ ರಾತ್ರಿ ಗೆರೆ ಬೆಳ್ಳಗೇ ಉಳಿಯಿತು. ಅದರ ಮಾರನೇ ರಾತ್ರಿಯೂ. ಪುಣೆಯಿಂದ ಫೋನ್ ಬಂತು, "ಸೋರೋದು ನಿಂತಿತಾ?"

"ನಿಂತಿತು. ಹೊಸ ಸಿಲಿಕೋನ್ ಹಾಕಿದೆ."

ಎರಡು ವಾಕ್ಯವೂ ನಿಜ.

ಮೀನು ಇನ್ನೂ ಬಂದಿರಲಿಲ್ಲ. ಫಿಲ್ಟರ್ ಮೂರ್ನಾಲ್ಕು ವಾರ ಓಡಿ, ಮೀನಿನ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆಯಬೇಕು, ಅಲ್ಲಿಯವರೆಗೆ ತಡಿ ಅಂತ ಮಗಳಿಗೆ ಹೇಳಿದೆ. ಹೇಗೂ ಕಾಯಬೇಕಲ್ಲ ಅಂತ ಅವಳು ಬರಲಿರುವ ಆರು ಮೀನುಗಳಿಗೂ ಹೆಸರಿಟ್ಟು, ಗಾಜಿನ ಮುಂದೆ ಕೂತು ಹಾಜರಿ ಕರೆಯತೊಡಗಿದಳು.

ಆ ವಾರದಲ್ಲೇ ಒಂದು ಬೆಳಗ್ಗೆ ಕಾವೇರಿಯೂ ಬರಲಿಲ್ಲ, ಟ್ಯಾಂಕರೂ ಬರಲಿಲ್ಲ. ಏಳು ಗಂಟೆಗೆ ಬೆಲ್ಲಾಯಿತು. ಬಾಗಿಲು ತೆಗೆದರೆ ಓನರ್, ಎರಡು ಕೈಯಲ್ಲಿ ಎರಡು ಖಾಲಿ ಬಕೆಟ್.

"ಸಾರ್, ನಿಮ್ಮ ಸ್ಟಾಕಿನಿಂದ ಎರಡು ಬಕೆಟ್…"

ನಾನು ಬಾಯಿ ತೆರೆಯುವ ಮೊದಲೇ ಮಗಳು ಓಡಿ ಬಂದು ಟ್ಯಾಂಕಿಗೆ ಅಡ್ಡ ನಿಂತಳು.

"ಅಂಕಲ್, ರಂಗೋಲಿ ದಾಟಬೇಡಿ. ಅಪ್ಪಾ, ಚೌಕ ತಗೊಂಡು ಬಾ, ಅವರ ಬಕೆಟ್ಟಿಗೆ ಹಾಕೋಣ. ನಾಳೆ ಬೆಳಗ್ಗೆ ಅಷ್ಟರಲ್ಲಿ ತುಂಬುತ್ತೆ."