ಸ್ಪಷ್ಟನೆ: ಕೀಪ್ಯಾಡಿಗೆ 12 ಪ್ರಿಮ್ ಬೇಕಿಲ್ಲ

ಪುಣೆಯ ಹಿಂಜವಡಿ ಕಡೆಯ ಕನ್ನಡ ಗೆಳೆಯರ ವಾಟ್ಸಾಪ್ ಗುಂಪುಗಳಲ್ಲಿ ಸೆಕೆಂಡ್ ಲೈಫ್ ಎಂಬ ಆನ್‌ಲೈನ್ 3ಡಿ ಲೋಕದ ಬಗ್ಗೆ ಒಂದು ಮಾತು ಓಡಾಡುತ್ತಿದೆ: ‘ಸೆಕೆಂಡ್ ಲೈಫ್‌ನಲ್ಲಿ ವಸ್ತುವನ್ನು ಮುಟ್ಟಿದರು ಅಂತಷ್ಟೇ ಸ್ಕ್ರಿಪ್ಟಿಗೆ (ವಸ್ತುವಿನೊಳಗಿನ ಪುಟ್ಟ ಪ್ರೋಗ್ರಾಂಗೆ) ತಿಳಿಯುತ್ತದೆ, ಎಲ್ಲಿ ಮುಟ್ಟಿದರು ಅಂತ ತಿಳಿಯಲ್ಲ. ಹಾಗಾಗಿ ಪ್ರತಿ ಬಟನ್ನಿಗೂ ಬೇರೆ ಪ್ರಿಮ್ (ವಸ್ತು ಕಟ್ಟುವ ಮೂಲ ಆಕಾರದ ತುಂಡು) ಮಾಡಿ.’

ಇದು ಹಳೇ ಕಥೆ. 2003ರಲ್ಲಿ ಲಿಂಡೆನ್ ಲ್ಯಾಬ್ ಸೆಕೆಂಡ್ ಲೈಫ್ ತೆರೆದಾಗ ಹಾಗೇ ಇತ್ತು, ನಿಜ. ಈಗ ‘ಎಲ್‌ಎಲ್‌ಡಿಟೆಕ್ಟೆಡ್‌ಟಚ್‌ಫೇಸ್’ ಎಂಬ ಫಂಕ್ಷನ್ (ಸ್ಕ್ರಿಪ್ಟಿನಲ್ಲಿ ಬಳಸುವ ಸಿದ್ಧ ಆದೇಶ) ವಸ್ತುವಿನ ಯಾವ ಮುಖ, ಅಂದರೆ ಯಾವ ಬದಿ, ಮುಟ್ಟಿದರು ಅಂತ ಹೇಳುತ್ತದೆ. ‘ಎಲ್‌ಎಲ್‌ಡಿಟೆಕ್ಟೆಡ್‌ಟಚ್‌ಎಸ್‌ಟಿ’ ಆ ಮುಖದ ಮೇಲೆ ಎಲ್ಲಿ ಅಂತ ಹೇಳುತ್ತದೆ, 0ಯಿಂದ 1ರವರೆಗಿನ ಎರಡು ಅಂಕಿಗಳಲ್ಲಿ: ಮೊದಲನೆಯದು ಅಡ್ಡಕ್ಕೆ, ಎರಡನೆಯದು ಮೇಲೆ-ಕೆಳಗೆ.

ಫೋನಿನ ಕೀಪ್ಯಾಡ್ ಚಿತ್ರವನ್ನು ಒಂದೇ ಮುಖಕ್ಕೆ ಅಂಟಿಸಿದ್ದೀರಿ ಅನ್ನಿ: 3 ಕಾಲಂ, 4 ಸಾಲು. ಕ್ಲಿಕ್ ಮಾಡಿದಾಗ 0.7, 0.2 ಬಂತು. 0.7 ಗುಣಿಸು 3 ಅಂದರೆ 2.1. ದಶಮಾಂಶ ಬಿಡಿ, 2. ಸೊನ್ನೆಯಿಂದ ಎಣಿಸಿದರೆ ಅದು ಮೂರನೇ ಕಾಲಂ. 0.2 ಗುಣಿಸು 4 ಅಂದರೆ 0.8, ಅಂದರೆ ಸಾಲು 0. ಇಲ್ಲೇ ಜಾಸ್ತಿ ಜನ ಎಡವೋದು: ಎಣಿಕೆ ಶುರುವಾಗೋದು ಕೆಳಗಿನ ಎಡಮೂಲೆಯಿಂದ. ಹಾಗಾಗಿ ಒತ್ತಿದ್ದು 3 ಅಲ್ಲ, ಕೆಳಗಿನ ಹ್ಯಾಶ್!

ಚಿತ್ರವನ್ನು ಸರಿಸಿದರೂ ತಿರುಗಿಸಿದರೂ ಎಸ್‌ಟಿ ಬದಲಾಗಲ್ಲ. ಚಿತ್ರದ ಜೊತೆ ಲೆಕ್ಕವೂ ಸರಿಯಬೇಕಿದ್ದರೆ ‘ಎಲ್‌ಎಲ್‌ಡಿಟೆಕ್ಟೆಡ್‌ಟಚ್‌ಯುವಿ’ ಬಳಸಿ. ಇವೆಲ್ಲ ಟಚ್ ಈವೆಂಟುಗಳ (ಮುಟ್ಟಿದಾಗ ಓಡುವ ಸ್ಕ್ರಿಪ್ಟಿನ ಭಾಗಗಳ) ಒಳಗೆ ಮಾತ್ರ ಕೆಲಸ ಮಾಡುತ್ತವೆ. ಜಾಗ ಸಿಗದಿದ್ದರೆ ಎರಡೂ ಅಂಕಿ -1 ಬರುತ್ತವೆ, ಅದನ್ನು ಮೊದಲೇ ನೋಡಿಕೊಳ್ಳಿ.